ಹಳೆಯ ಎಚ್‌ಬಿಎ ಕಾರ್ಡ್, ಹೊಸ ಡಿಸ್ಕ್‌ಗಳು: ನಮ್ಮ ಮುದ್ರಣಾಲಯದ ಫೈಲ್ ಸರ್ವರ್

ಕಲಬುರಗಿಯ ಸೂಪರ್ ಮಾರ್ಕೆಟ್ ಸಮೀಪದಲ್ಲಿರುವ ನಮ್ಮ ಮುದ್ರಣಾಲಯದಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಭಾಷೆಗಳ ಲಗ್ನಪತ್ರಿಕೆಗಳು, ಜಾತ್ರೆಯ ಕರಪತ್ರಗಳು, ಬಿಲ್ ಪುಸ್ತಕಗಳು ಅಚ್ಚಾಗುತ್ತವೆ. ಅಕ್ಕನ ಮದುವೆಗೆ ಮಾಡಿಸಿದ ಪತ್ರಿಕೆಯ ವಿನ್ಯಾಸವೇ ತಮ್ಮನ ಮದುವೆಗೂ ಇರಲಿ ಎಂದು ಆರು ವರ್ಷಗಳ ನಂತರ ಬಂದು ಕೇಳುವವರು ಇರುವುದರಿಂದ ಹಳೆಯ ಫೈಲುಗಳನ್ನು ಅಳಿಸುವಂತಿಲ್ಲ. ಇವನ್ನೆಲ್ಲ ಇಡುವ ಲಿನಕ್ಸ್ ಸರ್ವರ್‌ಗೆ ನಾನು ಕೊಂಡ ಕಾರ್ಡ್ ಮತ್ತು ಡಿಸ್ಕ್‌ಗಳ ಬಗ್ಗೆ, ಒಂದು ಬೇಸಿಗೆ ಕಳೆದ ಮೇಲೆ, ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲು ನಮ್ಮಲ್ಲಿ ಇದ್ದದ್ದು ಹಾರ್ಡ್‌ವೇರ್ ರೇಡ್ ಕಾರ್ಡ್, ಅಂದರೆ ಹಲವು ಡಿಸ್ಕ್‌ಗಳನ್ನು ಒಂದು ಕೂಟವಾಗಿಸಿ ಒಂದು ಕೆಟ್ಟರೂ ದತ್ತಾಂಶ ಉಳಿಸುವ ‘ರೇಡ್’ ಕೆಲಸವನ್ನು ತಾನೇ ಮಾಡುವ ಕಾರ್ಡ್. ಒಂದು ದಿನ ಕಾರ್ಡ್ ಕೆಟ್ಟಿತು. ಮೂರು ಡಿಸ್ಕ್‌ಗಳೂ ಸರಿಯಾಗಿಯೇ ಇದ್ದವು. ಆದರೆ ಅವುಗಳಲ್ಲಿ ದತ್ತಾಂಶ ಹಂಚಿ ಬರೆದಿದ್ದ ಕ್ರಮ ಆ ತಯಾರಕರ ಸ್ವಂತದ್ದಾಗಿದ್ದರಿಂದ ಅದೇ ಕುಟುಂಬದ ಇನ್ನೊಂದು ಕಾರ್ಡ್ ಹೈದರಾಬಾದಿನಿಂದ ಬರುವ ತನಕ, ಹನ್ನೊಂದು ದಿನ, ನಮ್ಮ ಫೈಲುಗಳು ನಮಗೇ ಕಾಣಲಿಲ್ಲ. ಸಾಲದ್ದಕ್ಕೆ ಆ ಕಾರ್ಡಿನ ಬ್ಯಾಟರಿ ಮೊದಲೇ ಸತ್ತಿತ್ತು. ಬ್ಯಾಟರಿ ಇಲ್ಲದಿದ್ದರೆ ಇಂಥ ಕಾರ್ಡ್‌ಗಳು ಬರೆಯುವ ಕ್ಯಾಶೆಯನ್ನು (ಡಿಸ್ಕ್‌ಗೆ ಹೋಗುವ ಮುನ್ನ ದತ್ತಾಂಶ ತಾತ್ಕಾಲಿಕವಾಗಿ ಇರುವ ಜಾಗ) ಸಾಮಾನ್ಯವಾಗಿ ನಿಲ್ಲಿಸಿಬಿಡುತ್ತವೆ, ಆಗ ರೇಡ್ 5ರಲ್ಲಿ (ದತ್ತಾಂಶದ ಜೊತೆ ಅದನ್ನು ಮರಳಿ ಪಡೆಯುವ ಲೆಕ್ಕವನ್ನೂ, ಅಂದರೆ ಪ್ಯಾರಿಟಿಯನ್ನೂ, ಡಿಸ್ಕ್‌ಗಳಲ್ಲಿ ಹಂಚಿಡುವ ವಿಧಾನ) ಬರೆಯುವ ವೇಗ ಕುಸಿಯುತ್ತದೆ. ಅಂದರೆ ಯಾವುದಕ್ಕಾಗಿ ಹೆಚ್ಚು ಹಣ ಕೊಟ್ಟಿದ್ದೆವೋ ಆ ಲಾಭವೂ ನಮಗೆ ಸಿಕ್ಕಿರಲಿಲ್ಲ.

ಈ ಬಾರಿ ಕೊಂಡದ್ದು ಎಲ್‌ಎಸ್‌ಐ 9211-8ಐ ಎಂಬ ಬಳಸಿದ ಎಚ್‌ಬಿಎ, ಅಂದರೆ ಡಿಸ್ಕ್‌ಗಳನ್ನು ಗಣಕಕ್ಕೆ ಜೋಡಿಸುವ ಕಾರ್ಡ್. ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕಿತು. ಇದರ ಎಸ್‌ಎಎಸ್ 2008 ಚಿಪ್‌ಗೆ ಐಟಿ ಮೋಡ್ ಫರ್ಮ್‌ವೇರ್ (ಕಾರ್ಡಿನೊಳಗಿನ ತಂತ್ರಾಂಶ) ಹಾಕಿದರೆ ಕಾರ್ಡ್ ರೇಡ್ ಕೆಲಸಕ್ಕೆ ಕೈಹಾಕದೆ, ಎಂಟು ಡಿಸ್ಕ್‌ಗಳನ್ನು ಇದ್ದ ಹಾಗೆಯೇ ಲಿನಕ್ಸ್‌ಗೆ ಒಪ್ಪಿಸುತ್ತದೆ. ರೇಡ್ ಕಟ್ಟುವುದು ಲಿನಕ್ಸ್‌ನ ಎಂಡಿಆಡಮ್ ಎಂಬ ತಂತ್ರಾಂಶದ ಕೆಲಸ. ಕಾರ್ಡ್ ನಾಳೆ ಸುಟ್ಟುಹೋದರೂ ಡಿಸ್ಕ್‌ಗಳನ್ನು ಬೇರೆ ಯಾವುದೇ ಲಿನಕ್ಸ್ ಗಣಕದ ಸಾಟಾ ಪೋರ್ಟ್‌ಗೆ ಸಿಕ್ಕಿಸಿ ತೆರೆಯಬಹುದು. ನನ್ನ ಮಟ್ಟಿಗೆ ಕೊಂಡುಕೊಳ್ಳಲು ಇದೊಂದೇ ಕಾರಣ ಸಾಕಾಯಿತು. ವೇಗದ ಲೆಕ್ಕ ಇಲ್ಲಿ ಅಷ್ಟು ಮುಖ್ಯವಲ್ಲ: ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ 110 ಎಂಬಿ ಸಾಗಿದರೆ ಹೆಚ್ಚು, ಅಷ್ಟನ್ನು ಒಂಟಿ ಡಿಸ್ಕ್ ಕೂಡ ಕೊಡುತ್ತದೆ.

ಕೊಳ್ಳುವ ಮುನ್ನ ಫರ್ಮ್‌ವೇರ್ ಆವೃತ್ತಿ ಕೇಳಿಕೊಳ್ಳಬೇಕು. ಇಪ್ಪತ್ತನೆಯ ಸರಣಿಯ ಆರಂಭಿಕ ಆವೃತ್ತಿಗಳಲ್ಲಿ ದೋಷಗಳಿದ್ದವು, 20.00.07.00 ಇದ್ದರೆ ನಿಶ್ಚಿಂತೆ. ಡೆಬಿಯನ್ 12 ಈ ಕಾರ್ಡನ್ನು ತಾನಾಗಿಯೇ ಗುರುತಿಸಿತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಮಾತ್ರ ತನ್ನ 8ನೆಯ ಆವೃತ್ತಿಯಿಂದ ಈ ಚಿಪ್‌ನ ಬೆಂಬಲ ತೆಗೆದುಹಾಕಿದೆ, ಆ ವಂಶದ ವ್ಯವಸ್ಥೆ ಬಳಸುವವರು ಇದನ್ನು ಗಮನದಲ್ಲಿಡಬೇಕು.

ಕಾರ್ಡಿನ ದೊಡ್ಡ ದೋಷ ಬಿಸಿ. ಜೋರಾಗಿ ಗಾಳಿ ಬೀಸುವ ಸರ್ವರ್ ಪೆಟ್ಟಿಗೆಗೆಂದು ಮಾಡಿದ ಇದಕ್ಕೆ ಸ್ವಂತ ಫ್ಯಾನ್ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ, ಸಾಮಾನ್ಯ ಡೆಸ್ಕ್‌ಟಾಪ್ ಪೆಟ್ಟಿಗೆಯೊಳಗೆ, ಮೊದಲ ದಿನವೇ ಅದರ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾದಿತ್ತು. 40 ಮಿಲಿಮೀಟರಿನ ಸಣ್ಣ ಫ್ಯಾನೊಂದನ್ನು ಪ್ಲಾಸ್ಟಿಕ್ ಟ್ಯಾಗ್‌ನಿಂದ ಕಟ್ಟಿದ ಮೇಲೆ ಮೇ ತಿಂಗಳು ತೊಂದರೆಯಿಲ್ಲದೆ ಕಳೆಯಿತು. ನೋಡಲು ಚೆಂದವಿಲ್ಲ, ಆದರೆ ಪೆಟ್ಟಿಗೆಯ ಒಳಗೆ ಇಣುಕುವವನು ನಾನೊಬ್ಬನೇ.

ಡಿಸ್ಕ್‌ಗಳ ಆಯ್ಕೆಗೆ ಕಾರ್ಡಿಗಿಂತ ಹೆಚ್ಚು ಸಮಯ ಹಿಡಿಯಿತು. ಅಂಗಡಿಯವರು ಅಗ್ಗದ ಡೆಸ್ಕ್‌ಟಾಪ್ ಡಿಸ್ಕ್ ಮುಂದಿಟ್ಟು, ‘ಎಲ್ಲಾ ಒಂದೇ ಅದಾವ್ರೀ ಸರ್’ ಎಂದರು. ಒಂದೇ ಅಲ್ಲ. ಈಗಿನ ಹಲವು ಅಗ್ಗದ ಡಿಸ್ಕ್‌ಗಳು ಎಸ್‌ಎಂಆರ್ ಬಗೆಯವು. ಮನೆಯ ಹೆಂಚಿನಂತೆ ಟ್ರ್ಯಾಕ್‌ಗಳು ಒಂದರ ಮೇಲೊಂದು ಭಾಗಶಃ ಹೊದ್ದುಕೊಂಡಿರುವುದರಿಂದ ಎಡೆಬಿಡದೆ ಬರೆಯುವಾಗ ವೇಗ ತೀರಾ ಇಳಿಯುತ್ತದೆ, ಕೆಟ್ಟ ಡಿಸ್ಕ್ ಬದಲಿಸಿದಾಗ ಹೊಸದಕ್ಕೆ ದತ್ತಾಂಶ ತುಂಬುವ ರೀಬಿಲ್ಡ್ ಎಂಬುದು ಎಡೆಬಿಡದೆ ಬರೆಯುವ ಕೆಲಸವೇ. ನಾಸ್‌ಗಾಗಿ (ನೆಟ್‌ವರ್ಕ್‌ನಲ್ಲಿ ಫೈಲು ಇಡುವ ಪೆಟ್ಟಿಗೆ) ಮಾರುವ ವೆಸ್ಟರ್ನ್ ಡಿಜಿಟಲ್ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲೂ ಎಸ್‌ಎಂಆರ್ ಇರುವುದು 2020ರಲ್ಲಿ ಬಯಲಾಯಿತು. ಆ ಬಳಿಕ, ಟ್ರ್ಯಾಕ್‌ಗಳು ಹೀಗೆ ಹೊದ್ದುಕೊಳ್ಳದ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಎಂಬ ಪ್ರತ್ಯೇಕ ಹೆಸರು ಬಂತು. ಇನ್ನೊಂದು ವ್ಯತ್ಯಾಸವೂ ಇದೆ: ಓದಲಾಗದ ಸೆಕ್ಟರ್ ಸಿಕ್ಕಾಗ ನಾಸ್ ಡಿಸ್ಕ್ ಸುಮಾರು 7 ಸೆಕೆಂಡಿನಲ್ಲಿ ಸೋಲೊಪ್ಪಿಕೊಳ್ಳುತ್ತದೆ, ಎಂಡಿಆಡಮ್ ಜೋಡಿ ಡಿಸ್ಕ್‌ನಿಂದ ಆ ಭಾಗವನ್ನು ತರುತ್ತದೆ, ಡೆಸ್ಕ್‌ಟಾಪ್ ಡಿಸ್ಕ್ ನಿಮಿಷಗಟ್ಟಲೆ ಹೆಣಗಬಹುದು, ಆದರೆ ಲಿನಕ್ಸ್ ಕರ್ನಲ್ ರೂಢಿಯಂತೆ 30 ಸೆಕೆಂಡಿಗಿಂತ ಹೆಚ್ಚು ಕಾಯದ ಕಾರಣ ಚೆನ್ನಾಗಿರುವ ಡಿಸ್ಕ್ ಕೂಡ ಕೂಟದಿಂದ ಹೊರಬೀಳುವ ಸಂಭವವಿದೆ. ಕೊನೆಗೆ 4 ಟಿಬಿಯ ಸೀಗೇಟ್ ಐರನ್‌ವುಲ್ಫ್ ಎರಡನ್ನು ತಂದು ರೇಡ್ 1, ಅಂದರೆ ಎರಡರಲ್ಲೂ ಒಂದೇ ದತ್ತಾಂಶ ಇರುವ ಮಿರರ್, ಮಾಡಿದೆ. ಮನೆಯಲ್ಲಿದ್ದ 2 ಟಿಬಿಯ ಹಳೆಯ ಜೋಡಿ ಇನ್ನೊಂದು ಮಿರರ್ ಆಯಿತು. ಅರ್ಧ ಜಾಗ ವ್ಯರ್ಥವೆಂದು ಹೇಳುವವರಿದ್ದಾರೆ, ಆದರೆ ಕರೆಂಟ್ ಹೋಗಿಬರುವ ಊರಿನಲ್ಲಿ ಪ್ಯಾರಿಟಿ ಅರ್ಧ ಬರೆದು ನಿಲ್ಲುವ ರೇಡ್ 5ರ ರಗಳೆ ನನಗೆ ಬೇಡ. ಯುಪಿಎಸ್ ಅಂತೂ ಇದ್ದೇ ಇದೆ.

ಕೆಲಸ ಒಪ್ಪಿಸುವ ಮೊದಲು ಒಂದು ಐರನ್‌ವುಲ್ಫ್‌ನ ಕೇಬಲನ್ನು ಬೇಕೆಂದೇ ಕಿತ್ತೆ. ಡಿಟಿಪಿ ಮಾಡುತ್ತಿದ್ದವರಿಗೆ ಏನೂ ತಿಳಿಯಲಿಲ್ಲ, ನನಗೆ ಮಾತ್ರ ಎಚ್ಚರಿಕೆಯ ಇಮೇಲ್ ಬಂತು. ಅದೇ ಡಿಸ್ಕ್ ಮರಳಿ ಸೇರಿಸಿದಾಗ, ಬದಲಾದ ಭಾಗಗಳ ಗುರುತು ಇಡುವ ಬಿಟ್‌ಮ್ಯಾಪ್ ಇದ್ದುದರಿಂದ, ಬದಲಾದ ಭಾಗವಷ್ಟೇ ನಕಲಾಗಿ ಎರಡು ನಿಮಿಷದಲ್ಲಿ ಮುಗಿಯಿತು. ಅದನ್ನು ಪೂರ್ತಿ ಅಳಿಸಿ ಹೊಸದೆಂಬಂತೆ ಸೇರಿಸಿದಾಗ ಏಳೂವರೆ ಗಂಟೆ ಹಿಡಿಯಿತು. ತಪ್ಪಾಗಿ ಅಳಿಸಿದ ಫೈಲನ್ನು ಮಿರರ್ ಉಳಿಸುವುದಿಲ್ಲವಾದ್ದರಿಂದ ಪ್ರತಿ ಶನಿವಾರ ಬೇರೊಂದು ಡಿಸ್ಕ್‌ಗೆ ನಕಲು ಮಾಡಿ ಮನೆಗೆ ಒಯ್ಯುತ್ತೇನೆ.

ಎರಡೇ ಡಿಸ್ಕ್ ಸಾಕೆನ್ನುವವರು ಈ ಕಾರ್ಡ್ ಕೊಳ್ಳಬೇಕಾಗಿಲ್ಲ. ಮದರ್‌ಬೋರ್ಡಿನ ಸಾಟಾ ಪೋರ್ಟ್‌ಗಳಲ್ಲೇ ಎಂಡಿಆಡಮ್ ಚೆನ್ನಾಗಿ ನಡೆಯುತ್ತದೆ, ಬಯೋಸ್‌ನೊಳಗಿನ ರೇಡ್ ಆಯ್ಕೆಯನ್ನು ಮುಟ್ಟದಿದ್ದರಾಯಿತು. ನಮ್ಮ ಹಳೆಯ ಗಣಕದಲ್ಲಿದ್ದದ್ದು ಮೂರೇ ಪೋರ್ಟ್. ಕೊಳ್ಳುವವರು ಕಾರ್ಡಿನ ಜೊತೆಗೆ ಎಸ್‌ಎಫ್‌ಎಫ್-8087 ಕನೆಕ್ಟರ್‌ನಿಂದ ನಾಲ್ಕು ಸಾಟಾ ಆಗುವ ಕೇಬಲ್ ತರಿಸುವಾಗ ‘ಫಾರ್ವರ್ಡ್’ ಎಂದು ಬರೆದದ್ದನ್ನೇ ಕೇಳಬೇಕು. ನನಗೆ ಮೊದಲು ಬಂದದ್ದು ‘ರಿವರ್ಸ್’. ನೋಡಲು ಎರಡೂ ಒಂದೇ, ಎರಡೂ ಸಲೀಸಾಗಿ ಕೂರುತ್ತವೆ, ಆದರೆ ರಿವರ್ಸ್ ಕೇಬಲ್‌ನಲ್ಲಿ ಒಂದು ಡಿಸ್ಕ್ ಕೂಡ ಕಾಣಿಸುವುದಿಲ್ಲ. ಕಾರ್ಡೇ ಕೆಟ್ಟಿದೆಯೆಂದು ಮಾರಿದವರೊಂದಿಗೆ ಎರಡು ದಿನ ವಾದಿಸಿ, ಆಮೇಲೆ ಅವರ ಕ್ಷಮೆ ಕೇಳಿದೆ.