40 ತುಂಡಿನ ಸೈಕಲ್ ಟೂಲ್‌ಕಿಟ್: ಒಂದು ವರ್ಷ ಬಳಸಿದ ಮೇಲೆ

ಈ ಪೆಟ್ಟಿಗೆ ಮನೆಗೆ ಬಂದು ವರ್ಷದ ಮೇಲಾಯಿತು. ಬಂದ ದಿನವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಟ್ಟುಬಿಡುತ್ತಿದ್ದೆ. ಅವತ್ತು ಕೈಯೆಲ್ಲಾ ಗ್ರೀಸ್ ಆಗಿತ್ತು, ಫೋನ್ ಮುಟ್ಟಲಿಲ್ಲ. ಒಳ್ಳೆಯದೇ ಆಯಿತು.

ಮೊದಲು ಲೆಕ್ಕದ ವಿಷಯ. ಪೆಟ್ಟಿಗೆ ಮೇಲೆ ದೊಡ್ಡದಾಗಿ 40 ಎಂದು ಬರೆದಿದ್ದಾರೆ. ಕೂತು ಎಣಿಸಿದೆ. ಸರಿಯಾಗಿ 40 ಇದೆ, ಸುಳ್ಳೇನಿಲ್ಲ. ಆದರೆ ಅದರಲ್ಲಿ ಆರು ಪಂಕ್ಚರ್ ಪ್ಯಾಚ್, ಒಂದು ಸಲ್ಯೂಷನ್ ಟ್ಯೂಬು, ಟ್ಯೂಬ್ ಉಜ್ಜುವುದಕ್ಕೆ ಒಂದು ಚೂರು ಎಮರಿ ಪೇಪರ್ ಕೂಡ ಸೇರಿವೆ. ಎಮರಿ ಪೇಪರ್ ಯಾವಾಗಿಂದ ಟೂಲ್ ಆಯಿತೋ! ಅಲೆನ್ ಕೀಗಳನ್ನು ಒಂದೊಂದಾಗಿ ಎಣಿಸಿ ಎಂಟು ಮಾಡಿದ್ದಾರೆ. ನನ್ನ ಕೈಗೆ ಪದೇ ಪದೇ ಬಂದಿದ್ದು ಒಂಬತ್ತೋ ಹತ್ತೋ ಅಷ್ಟೇ.

ನನ್ನ ಹತ್ತಿರ ಎರಡು ಸೈಕಲ್ ಇವೆ. ಒಂದು 11 ಸ್ಪೀಡಿನ (ಹಿಂದೆ 11 ಗೇರ್ ಇರುವ) ರೋಡ್ ಬೈಕ್, ಇನ್ನೊಂದು 8 ಸ್ಪೀಡಿನ ಹಳೆಯ ಹೈಬ್ರಿಡ್. ರಜೆ ದಿನ ತುಳಿಯುವವನು ನಾನು, ಮೆಕ್ಯಾನಿಕ್ ಅಲ್ಲ. ಸಣ್ಣಪುಟ್ಟದ್ದಕ್ಕೆಲ್ಲ ಸೈಕಲ್ ಅಂಗಡಿಗೆ ಹೊತ್ತುಕೊಂಡು ಹೋಗಿ, ಎರಡು ದಿನ ಅಲ್ಲೇ ಬಿಟ್ಟು ಬರುವುದು ಬೇಜಾರಾಗಿ ಇದನ್ನು ತರಿಸಿದೆ.

ಇಡೀ ಪೆಟ್ಟಿಗೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಯಾವುದು ಗೊತ್ತಾ? ಚೈನ್ ಸವೆತ ನೋಡುವ ಚಪ್ಪಟೆ ತಗಡು. ಬಿಚ್ಚಿದ ದಿನ ಇದೇನೆಂದೇ ತಿಳಿಯಲಿಲ್ಲ, ಬಾಟಲಿ ಮುಚ್ಚಳ ತೆಗೆಯುವುದಕ್ಕೆ ಇರಬೇಕು ಅಂದುಕೊಂಡಿದ್ದೆ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಎಂಎಂ. ತುಳಿದು ತುಳಿದು ಪಿನ್ನುಗಳು ಸವೆದಂತೆ ಈ ಅಂತರ ಬೆಳೆಯುತ್ತದೆ. ಚೈನ್ ಎಳೆದುಕೊಂಡಿದೆ ಅಂತ ಬಾಯಿಮಾತಿಗೆ ಹೇಳುತ್ತೇವೆ, ನಿಜವಾಗಿ ಕಬ್ಬಿಣವೇನೂ ಎಳೆದುಕೊಳ್ಳುವುದಿಲ್ಲ. ತಗಡಿನ 0.5 (ಅಂದರೆ ಅಂತರ ಶೇಕಡಾ ಅರ್ಧ ಬೆಳೆದಿದೆ ಎಂಬ) ಗುರುತಿನ ತುದಿ ಚೈನಿನೊಳಗೆ ಪೂರ್ತಿ ಇಳಿದರೆ 11 ಸ್ಪೀಡಿನ ಚೈನ್ ಬದಲಿಸುವ ಹೊತ್ತಾಯಿತು. 8 ಸ್ಪೀಡಿನದಾದರೆ 0.75 ತನಕ ತಡೆಯಬಹುದು. ಅದಕ್ಕೂ ಮೀರಿ ಓಡಿಸಿದರೆ ಸವೆದ ಚೈನು ಹಿಂದಿನ ಹಲ್ಲುಗಳನ್ನೂ ತಿಂದು ಹಾಕುತ್ತದೆ, ಆಮೇಲೆ ಹೊಸ ಚೈನ್ ಹಾಕಿದರೂ ಜೋರಾಗಿ ತುಳಿದಾಗ ಹಾರುತ್ತದೆ, ಕ್ಯಾಸೆಟ್, ಅಂದರೆ ಆ ಹಿಂದಿನ ಹಲ್ಲುಚಕ್ರಗಳ ಗೊಂಚಲು ಕೂಡ ಹೊಸದೇ ಬೇಕಾಗುತ್ತದೆ. ಹೈಬ್ರಿಡ್‌ಗೆ ಹೀಗೇ ಆಗಿತ್ತು, ಈ ತಗಡು ಬರುವ ಮುಂಚೆ.

ಇದರಲ್ಲೂ ಒಂದು ಕೊಕ್ಕೆ ಇದೆ. ಇಂಥ ಎರಡು ತುದಿಯ ಗೇಜುಗಳು ರೋಲರ್‌ಗಳನ್ನು (ಪಿನ್ನಿನ ಸುತ್ತ ಇರುವ ಉರುಳೆಗಳನ್ನು) ಆ ಕಡೆ ಈ ಕಡೆ ದೂಡಿ ಅಳೆಯುತ್ತವೆ. ರೋಲರಿನ ಆಟವೂ ಲೆಕ್ಕಕ್ಕೆ ಬಂದು ಸ್ವಲ್ಪ ಬೇಗನೇ ಹೆದರಿಸುತ್ತವೆ. ಅನುಮಾನ ಬಂದಾಗ ನಾನು ಸ್ಟೀಲ್ ಸ್ಕೇಲ್ ಹಿಡಿಯುತ್ತೇನೆ. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಪಿನ್ನು ಒಂದು ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಅದೇ 0.5. ಸ್ಕೇಲ್ ಮನೆಯಲ್ಲೇ ಇತ್ತು, ನೋಡಿ.

ಪೆಡಲ್ ಸ್ಪ್ಯಾನರಿಗೆ ಪೂರ್ತಿ ಅಂಕ. 15 ಎಂಎಂ, ಉದ್ದ ಹಿಡಿ, ಗಟ್ಟಿ ಕಬ್ಬಿಣ. ತಪ್ಪಾಗಿದ್ದು ನನ್ನಿಂದ. ಎಡ ಪೆಡಲಿಗೆ ಉಲ್ಟಾ ತ್ರೆಡ್ ಇರುತ್ತದೆ ಅನ್ನುವುದು ಗೊತ್ತಿಲ್ಲದೆ, ಸಡಿಲ ಮಾಡುತ್ತಿದ್ದೇನೆ ಅಂದುಕೊಂಡು ಮೈಮೇಲಿನ ಶಕ್ತಿಯೆಲ್ಲ ಹಾಕಿ ಬಿಗಿ ಮಾಡಿದ್ದೇ ಮಾಡಿದ್ದು. ಬಲ ಪೆಡಲ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಗೆಣ್ಣು ಹೋಗಿ ಚೈನ್‌ರಿಂಗ್ (ಪೆಡಲ್ ಪಕ್ಕದ ಹಲ್ಲುಚಕ್ರ) ಹಲ್ಲಿಗೆ ಬಡಿಯಿತು. ಈಗ ಎರಡು ವಿಷಯ ಮರೆಯುವುದಿಲ್ಲ. ಚೈನನ್ನು ದೊಡ್ಡ ರಿಂಗಿಗೆ ಏರಿಸಿ, ಹಲ್ಲು ಮುಚ್ಚಿದ ಮೇಲೇ ಕೈ ಹಾಕುವುದು. ಸ್ಪ್ಯಾನರ್ ಹಿಡಿಯನ್ನು ಮೇಲಕ್ಕೆ ನಿಲ್ಲಿಸಿ ಹಿಂದಿನ ಚಕ್ರದ ಕಡೆ ಎಳೆಯುವುದು. ಎಡವಿರಲಿ ಬಲವಿರಲಿ, ಹೀಗೆಳೆದರೆ ಸಡಿಲವೇ ಆಗುತ್ತದೆ.

ಅಲೆನ್ ಕೀಗಳು ಪರವಾಗಿಲ್ಲ. 4, 5, 6 ಎಂಎಂ ಮೂರರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ತುದಿ ಗುಂಡಗಿರುವುದರಿಂದ ಓರೆಯಾಗಿ ಹಾಕಿಯೂ ತಿರುಗಿಸಬಹುದು. ಆದರೆ ಕೊನೆಯ ಬಿಗಿಗೆ ಗುಂಡು ತುದಿ ಬಳಸಬೇಡಿ, ಬೋಲ್ಟಿನ ತಲೆ ಕೆಡುತ್ತದೆ. ನನ್ನ 5ರ ಕೀ ಮೂಲೆಗಳು ಎಂಟೇ ತಿಂಗಳಿಗೆ ಸವೆದವು. ಅದೊಂದನ್ನು ಬಿಡಿಯಾಗಿ, ಬೇರೆ ಒಳ್ಳೆಯದು ತಂದುಕೊಂಡೆ.

ಚೈನಿನ ಪಿನ್ನು ತಳ್ಳಿ ಬಿಚ್ಚುವ ಚೈನ್ ಕಟರ್ ಮೂರನೇ ಚೈನಿಗೇ ಸೊಟ್ಟಗಾಯಿತು. ತಳ್ಳುವ ಮೊಳೆ ಚೈನಿನ ಪಿನ್ನಿಗೆ ನೇರವಾಗಿ ಕೂತಿದೆಯಾ ಅಂತ ನಾನು ಸರಿಯಾಗಿ ನೋಡಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ಒಳ್ಳೆಯ ಕಟರ್‌ಗಳಲ್ಲಿ ಆ ಮೊಳೆ ಬದಲಿಸಲು ಬರುತ್ತದೆ, ಇದರಲ್ಲಿ ಬರುವುದಿಲ್ಲ. ಮಾರಿದವರಿಗೆ ಬರೆದೆ. ತಯಾರಿಕೆಯ ದೋಷಕ್ಕೆ ಮಾತ್ರ ವಾರಂಟಿ ಎಂಬ ಒಂದು ಸಾಲಿನ ಉತ್ತರ ಬಂತು. ಈಗ ಕ್ವಿಕ್ ಲಿಂಕ್ (ಬಿಚ್ಚಿ ಹಾಕಬಹುದಾದ ಜೋಡಣೆಯ ಕೊಂಡಿ) ಇರುವ ಚೈನನ್ನೇ ಹಾಕುತ್ತೇನೆ, ಬಿಚ್ಚುವುದಕ್ಕೆ ಕಟರ್ ಬೇಕಿಲ್ಲ. 11 ಸ್ಪೀಡಿನ ಕ್ವಿಕ್ ಲಿಂಕ್‌ಗಳಲ್ಲಿ ಹೆಚ್ಚಿನವನ್ನು ಒಂದು ಸಲ ಬಿಚ್ಚಿದರೆ ಹೊಸದು ಹಾಕಿ ಅನ್ನುತ್ತಾರೆ, ಒಂದು ಜೊತೆ ಜಾಸ್ತಿ ಇಟ್ಟುಕೊಂಡಿರಿ.

ಇನ್ನು ಚಕ್ರದ ಕಡ್ಡಿ ಬಿಗಿ ಮಾಡುವ ಸ್ಪೋಕ್ ಕೀ. ಇದಕ್ಕೆ ಮಾತ್ರ ಸೊನ್ನೆ. ದುಂಡಗಿನ ಬಿಲ್ಲೆ, ಸುತ್ತಲೂ ಏಳೆಂಟು ಕಚ್ಚು. ಎಲ್ಲ ಅಳತೆಗೂ ಆಗುತ್ತದೆ ಅನ್ನುತ್ತಾರೆ, ಅಂದರೆ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ನಿಪ್ಪಲ್‌ಗಳಲ್ಲಿ (ಕಡ್ಡಿಯನ್ನು ರಿಮ್ಮಿಗೆ ಹಿಡಿಸುವ ಸಣ್ಣ ನಟ್ಟುಗಳಲ್ಲಿ) 3.23 ಎಂಎಂ, 3.45 ಎಂಎಂ ಹೀಗೆ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಅಷ್ಟರಲ್ಲೇ ಮೂಲೆ ಸವೆಯುತ್ತದೆ. ಹಿಂದಿನ ಚಕ್ರದ ಬೆಂಡ್ ತೆಗೆಯಲು ಕೂತವನು ಎರಡು ನಿಪ್ಪಲ್ ಉರುಟು ಮಾಡಿ ಎದ್ದೆ. ನಿಮ್ಮ ನಿಪ್ಪಲಿನ ಅಳತೆ ನೋಡಿಕೊಂಡು ಅದೊಂದಕ್ಕೇ ಕೀ ತೆಗೆದುಕೊಳ್ಳಿ. ಬೆಂಡ್ ತೆಗೆಯುವ ಕೆಲಸ ಅಂದುಕೊಂಡಷ್ಟು ಕಷ್ಟವಿಲ್ಲ. ರಿಮ್ ಬ್ರೇಕ್ ಇದ್ದರೆ ಬ್ರೇಕ್ ಪ್ಯಾಡನ್ನೇ ಗುರುತಾಗಿ ಇಟ್ಟುಕೊಂಡು, ಚಕ್ರ ಎಲ್ಲಿ ತಾಗುತ್ತದೋ ಅಲ್ಲಿ ಎದುರು ಕಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿ, ಮತ್ತೆ ತಿರುಗಿಸಿ ನೋಡಿ. ಅರ್ಧ ಸುತ್ತಿಗೆ ಹೋಗಬೇಡಿ. ಆತುರ ಪಟ್ಟರೆ ಇದ್ದ ಬೆಂಡು ಇನ್ನೊಂದು ಕಡೆ ಹೋಗುತ್ತದೆ ಅಷ್ಟೇ.

ಬಾಟಮ್ ಬ್ರಾಕೆಟ್ (ಎರಡು ಪೆಡಲ್ ತೋಳುಗಳ ನಡುವಿನ ಬೇರಿಂಗ್) ಟೂಲಿನ ಕಥೆ ಹೇಳಲು ನಾಚಿಕೆ. ರೋಡ್ ಬೈಕಿನಲ್ಲಿ ತುಳಿದಾಗಲೆಲ್ಲ ಕಿರ್ ಕಿರ್ ಸದ್ದು. ಬೇರಿಂಗೇ ಹೋಗಿದೆ ಎಂದು ತೀರ್ಮಾನಿಸಿದೆ. ಬೇರಿಂಗ್ ಕೂರುವ 16 ಕಚ್ಚಿನ ಕಪ್ಪಿಗೆ ಈ ಟೂಲ್ ಹಾಕಿ ಎಳೆದೆ, ಜಾರಿ ಕಪ್ಪಿನ ಮೈ ಗೀಚಿತು. ಬಲಗಡೆಯ ಕಪ್ಪಿಗೆ ಉಲ್ಟಾ ತ್ರೆಡ್ ಎಂದು ಈ ಸಲ ಓದಿಕೊಂಡಿದ್ದೆ, ಪುಣ್ಯ. ಬಿಚ್ಚಿ ನೋಡಿದರೆ ಬೇರಿಂಗ್ ಬೆಣ್ಣೆಯ ಹಾಗೆ ತಿರುಗುತ್ತಿದೆ. ಎಲ್ಲ ವಾಪಸ್ ಜೋಡಿಸಿ, ಒಂದು ವಾರ ತಲೆ ಕೆಡಿಸಿಕೊಂಡು, ಆಮೇಲೆ ಸೀಟಿನಿಂದ ಎದ್ದು ನಿಂತು ತುಳಿದೆ. ಸದ್ದೇ ಇಲ್ಲ! ಸೀಟ್‌ಪೋಸ್ಟ್ (ಸೀಟು ಹೊತ್ತ ಕೊಳವೆ) ಒಣಗಿತ್ತು. ಹೊರಗೆ ತೆಗೆದು ಒರೆಸಿ ಗ್ರೀಸ್ ಹಚ್ಚಿದೆ, ಹತ್ತು ನಿಮಿಷದ ಕೆಲಸ. ನನ್ನದು ಅಲ್ಯೂಮಿನಿಯಂ, ಅದಕ್ಕೆ ಗ್ರೀಸ್ ಸರಿ. ಕಾರ್ಬನ್ ಆದರೆ ಗ್ರೀಸ್ ಬೇಡ, ಅದಕ್ಕೆಂದೇ ಇರುವ ಪೇಸ್ಟ್ ಸಿಗುತ್ತದೆ.

ಕ್ಯಾಸೆಟ್ ಬಿಚ್ಚುವ ಟೂಲು, ಆಗ ಅದು ತಿರುಗದಂತೆ ಹಿಡಿಯುವ ಚೈನ್ ವಿಪ್ ಎರಡೂ ಕೆಲಸ ಮಾಡುತ್ತವೆ. ಹಿಡಿ ಗಿಡ್ಡ. ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಮೇಲೇ 40 ನ್ಯೂಟನ್ ಮೀಟರ್ ಎಂದು ಕೆತ್ತಿರುತ್ತದೆ, ಅಷ್ಟು ಬಿಗಿ ಬಿಚ್ಚಲು ನಾನು ಹಿಡಿಗೆ ಪೈಪ್ ತೂರಿಸಬೇಕಾಯಿತು. ಸ್ಟಾರ್ ಸ್ಕ್ರೂಡ್ರೈವರ್ ಮೆದು. ಗೇರ್ ಬದಲಿಸುವ ಜಪಾನಿ ಡಿರೇಲರ್‌ಗಳ ತಿರುಪು ಹೆಚ್ಚಾಗಿ ಜೆಐಎಸ್ (ಜಪಾನಿನ ಮಾನಕ) ಮಾದರಿಯವು, ನೋಡಲು ಫಿಲಿಪ್ಸ್ ಹಾಗೇ ಇದ್ದರೂ ಅಲ್ಲ. ಫಿಲಿಪ್ಸ್ ತುದಿ ಅದರಲ್ಲಿ ಜಾರುತ್ತದೆ. ಟೈರ್ ಲಿವರ್ ಚೆನ್ನಾಗಿವೆ. ಚಕ್ರದ ನಡುವಿನ ಹಬ್ಬಿನ ಬೇರಿಂಗ್ ಹೊಂದಿಸುವ ಕೋನಿನ ತೆಳು ಸ್ಪ್ಯಾನರ್‌ಗಳನ್ನು ಹೈಬ್ರಿಡ್‌ಗೆ ಒಂದು ಸಲ ಬಳಸಿದೆ, ಬಾಗಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಪೆಟ್ಟಿಗೆಯಲ್ಲಿ ಇಲ್ಲದ ಎರಡು ಸಾಮಾನಿನ ಬಗ್ಗೆ. ಒಂದು, ಕೇಬಲ್ ಕಟರ್. ಇಕ್ಕಳದಲ್ಲಿ ಕತ್ತರಿಸಿದರೆ ತಂತಿ ಪೊರಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ಹೌಸಿಂಗ್ (ಕೇಬಲಿನ ಹೊರ ಕೊಳವೆ) ಒಳಗೆ ತೂರುವುದೇ ಇಲ್ಲ. ಇನ್ನೊಂದು, ಟಾರ್ಕ್ ರೆಂಚ್, ಅಂದರೆ ನಾವಿಟ್ಟ ಬಿಗಿ ಮುಟ್ಟಿದೊಡನೆ ಟಕ್ ಅನ್ನುವ ರೆಂಚ್. ನನ್ನ ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಮೇಲೆ 5 ನ್ಯೂಟನ್ ಮೀಟರ್ ಎಂದಿದೆ. ಅಂದಾಜಿನ ಮೇಲೆ ತಿರುಗಿಸಿದಾಗ ಎಷ್ಟಾಗುತ್ತಿತ್ತು ಅನ್ನುವುದು ರೆಂಚ್ ತಂದ ಮೇಲೆ ಗೊತ್ತಾಯಿತು: ನಾನು ಬಿಗಿ ಎಂದು ಬಿಡುತ್ತಿದ್ದ ಜಾಗಕ್ಕೆ ಬರುವ ಎಷ್ಟೋ ಮುಂಚೆ ಅದು ಟಕ್ ಅಂದುಬಿಟ್ಟಿತು. ಕಾರ್ಬನ್ ಹ್ಯಾಂಡಲ್ ಇದ್ದಿದ್ದರೆ ಇಷ್ಟೊತ್ತಿಗೆ ಬಿರುಕು ಬಿಟ್ಟಿರುತ್ತಿತ್ತು. ಆರು ಪ್ಯಾಚಿನ ಬದಲು ಇವೆರಡರಲ್ಲಿ ಒಂದನ್ನಾದರೂ ಇಡಬಹುದಿತ್ತು, ಅಲ್ವಾ? ಇಟ್ಟರೆ 40 ಅನ್ನುವ ಲೆಕ್ಕ ತಪ್ಪುತ್ತಿತ್ತೇನೋ.

ಹಾಗಾದರೆ ತೆಗೆದುಕೊಳ್ಳಬೇಕಾ? ನಿಮ್ಮದು ಹೊಸ ಸೈಕಲ್, ಪಂಕ್ಚರ್ ಹಾಕಿ ಚೈನಿಗೆ ಎಣ್ಣೆ ಬಿಡುವಷ್ಟೇ ಕೆಲಸ ಅಂದರೆ ಬೇಡ. ಅಲೆನ್ ಕೀ, ಟೈರ್ ಲಿವರ್, ಪಂಪು, ಚೈನ್ ಗೇಜ್, ಇಷ್ಟು ಸಾಕು. ಕ್ಯಾಸೆಟ್, ಹಬ್, ಪೆಡಲ್ ಅಂತ ಎಲ್ಲದಕ್ಕೂ ಕೈ ಹಾಕುವ ಚಟ ಇದ್ದು, ಯಾವ ಟೂಲ್ ಬೇಕಾಗುತ್ತದೆ ಎಂದು ಇನ್ನೂ ಗೊತ್ತಿಲ್ಲದಿದ್ದರೆ ತೆಗೆದುಕೊಳ್ಳಿ. ಒಂದು ವರ್ಷದಲ್ಲಿ ಯಾವುದು ಸವೆಯುತ್ತದೋ ಅದು ನಿಮಗೆ ಬೇಕಾದದ್ದು, ಅದನ್ನು ಒಳ್ಳೆಯದು ನೋಡಿ ತನ್ನಿ. ಐದಕ್ಕೆ ಮೂರು ಕೊಡುತ್ತೇನೆ.

ಪೆಟ್ಟಿಗೆ ಬಗ್ಗೆ ಒಂದು ಮಾತು. ಒಳಗೆ ಒಂದೊಂದು ಟೂಲಿಗೂ ಅದರದೇ ಆಕಾರದ ಗುಳಿ ಮಾಡಿದ್ದಾರೆ. ಬೇರೆ ಏನೂ ಅದರಲ್ಲಿ ಕೂರುವುದಿಲ್ಲ. ಹೊಸ ಸ್ಪೋಕ್ ಕೀ, 5ರ ಅಲೆನ್ ಕೀ, ಕೇಬಲ್ ಕಟರ್ ಎಲ್ಲ ಒಂದು ಹಳೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆ ಮೇಲೆ ಇಟ್ಟಿದ್ದೇನೆ. ಈಗ ಪೆಟ್ಟಿಗೆ ತೆಗೆಯುವುದಕ್ಕಿಂತ ಬಟ್ಟೆ ಬಿಚ್ಚುವುದೇ ಜಾಸ್ತಿ.