ಪುತ್ತರಿಯ ಒಂದು ರಾತ್ರಿ, 16 ಧ್ವನಿ ಟ್ರ್ಯಾಕ್‌ಗಳು ಮತ್ತು ನಾನು ಪ್ರಯತ್ನಿಸಿದ ಮೂರು ದಾರಿಗಳು

ಧ್ವನಿ ಟ್ರ್ಯಾಕ್‌ಗಳು ಹತ್ತನ್ನು ಮೀರುವಂತಹ ವಿಡಿಯೋ ಸಂಕಲನಕ್ಕೆ ನನ್ನ ಆಯ್ಕೆ ಡಾವಿಂಚಿ ರಿಸಾಲ್ವ್ ತಂತ್ರಾಂಶ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ತೀರ್ಮಾನಕ್ಕೆ ಬರಲು ನನಗೆ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿ ಎರಡು ಬಾರಿ ಬರಬೇಕಾಯಿತು. ಮೊದಲನೆಯ ವರ್ಷ ತಿಂಗಳ ಚಂದಾ ಕಟ್ಟಿ ಬಳಸುವ ಒಂದು ಪ್ರಸಿದ್ಧ ತಂತ್ರಾಂಶದಲ್ಲಿ ಕೆಲಸ ಮಾಡಿದೆ. ನಡುವೆ ಚಿತ್ರವನ್ನು ಅದರಲ್ಲೇ ಕತ್ತರಿಸಿ, ಧ್ವನಿಯನ್ನು ಮಾತ್ರ ರೀಪರ್ ಎಂಬ ಧ್ವನಿ ತಂತ್ರಾಂಶಕ್ಕೆ ಒಯ್ದು ಮಿಶ್ರಣ ಮಾಡಿ ನೋಡಿದೆ. ಎರಡನೆಯ ವರ್ಷ ಎಲ್ಲವನ್ನೂ ರಿಸಾಲ್ವ್‌ನಲ್ಲೇ ಮುಗಿಸಿದೆ.

ವಿರಾಜಪೇಟೆಯ ಕಡೆಯ ಒಂದು ಐನ್‌ಮನೆಯವರು, ಅಂದರೆ ಕೊಡವ ಮನೆತನವೊಂದರ ಮೂಲಮನೆಯವರು, ತಮ್ಮ ಪುತ್ತರಿಯನ್ನು ಮಕ್ಕಳು ಮೊಮ್ಮಕ್ಕಳಿಗಾಗಿ ಪೂರ್ಣವಾಗಿ ದಾಖಲಿಸಬೇಕೆಂದು ಕೇಳಿದ್ದರು. ಇಂತಹ ಚಿತ್ರಕ್ಕೆ ಅಷ್ಟೊಂದು ಟ್ರ್ಯಾಕ್ ಏಕೆ ಎಂದು ಕೇಳುವವರಿಗೆ ಲೆಕ್ಕ ಹೀಗಿದೆ. ಮುಖ್ಯ ಕ್ಯಾಮೆರಾದಲ್ಲಿ ನಾಲ್ಕು ಮೋನೋ (ಒಂಟಿ ಧ್ವನಿಯ) ಚಾನೆಲ್‌ಗಳು, ಉಳಿದೆರಡು ಕ್ಯಾಮೆರಾಗಳಿಂದ ಎರಡೆರಡು, ದುಡಿ ಎಂಬ ಪುಟ್ಟ ವಾದ್ಯ ಬಾರಿಸುತ್ತ ದುಡಿಕೊಟ್ಟ್ ಪಾಟ್ ಎಂಬ ಸಾಂಪ್ರದಾಯಿಕ ಹಾಡು ಹಾಡುವ ನಾಲ್ವರ ಎದುರಿಗೆ ಇಟ್ಟ ಮೈಕುಗಳಿಂದ ನಾಲ್ಕು, ಒಕ್ಕದ (ಮನೆತನದ) ಹಿರಿಯರಾದ ಪಟ್ಟೆದಾರರ ಕಾಲರ್ ಮೈಕಿನಿಂದ ಎರಡು, ನಿರೂಪಣೆಗೆ ಒಂದು, ಗದ್ದೆಯ ರಾತ್ರಿಯ ಸದ್ದಿಗೆ ಒಂದು. ಒಟ್ಟು 16. ಕಾಲರ್ ಮೈಕಿಗೆ ಎರಡು ಟ್ರ್ಯಾಕ್ ಏಕೆಂದರೆ, ಕದಿರು ಕೊಯ್ಯುವ ಹೊತ್ತಿಗೆ ಗುಂಡು ಹಾರಿಸುತ್ತಾರೆ. ಆ ಸದ್ದಿಗೆ ಸಾಮಾನ್ಯ ಮಟ್ಟದ ಧ್ವನಿಮುದ್ರಣ ಒಡೆದುಹೋಗುತ್ತದೆ. ಆದ್ದರಿಂದ ಅದೇ ಮಾತನ್ನು 12 ಡೆಸಿಬೆಲ್ ಕಡಿಮೆ ಮಟ್ಟದಲ್ಲಿ ಇನ್ನೊಂದು ಟ್ರ್ಯಾಕ್‌ನಲ್ಲಿ ಕಾಪಾಡಿಕೊಳ್ಳಬೇಕಾಗುತ್ತದೆ.

ಈಗ ಮೊದಲ ವರ್ಷದ ನಷ್ಟದ ವಿಷಯಕ್ಕೆ ಬರುತ್ತೇನೆ. ಸಂಕಲನವೆಲ್ಲ ಮುಗಿದಿತ್ತು. ಪಾಟ್‌ನ ನಾಲ್ಕು ಟ್ರ್ಯಾಕ್‌ಗಳು ಮೂರನೆಯ ಸಾಲಿನಿಂದ ಆರನೆಯ ಸಾಲಿನವರೆಗೆ ಇದ್ದವು. ಗದ್ದೆಗೆ ಹೊರಡುವ ಮೆರವಣಿಗೆಯ ಇನ್ನೊಂದು ದೃಶ್ಯವನ್ನು ಸೇರಿಸಿ ಎಂದು ಮನೆಯವರು ಕೇಳಿದರು. ನಾನು ಮುಖ್ಯ ಕ್ಯಾಮೆರಾದ ಆ ಕ್ಲಿಪ್ಪನ್ನು ಎಳೆದು ತಂದು, ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನಿನ ಮೇಲೆ ಇಟ್ಟೆ. ಚಿತ್ರ ಸರಿಯಾದ ಜಾಗದಲ್ಲೇ ಕುಳಿತಿತು. ಆದರೆ ಅದರ ನಾಲ್ಕು ಮೋನೋ ಚಾನೆಲ್‌ಗಳು ಒಂದರಿಂದ ನಾಲ್ಕರವರೆಗಿನ ಸಾಲುಗಳಲ್ಲಿ ಹರಡಿಕೊಂಡು, ಮೂರು ಮತ್ತು ನಾಲ್ಕನೆಯ ಸಾಲಿನಲ್ಲಿದ್ದ ಹಾಡಿನ ಭಾಗವನ್ನು ಅಳಿಸಿ ಅಲ್ಲಿ ತಾವು ಕುಳಿತವು. ಲ್ಯಾಪ್‌ಟಾಪಿನ ಪರದೆಯಲ್ಲಿ ಒಮ್ಮೆಗೆ ಎರಡು ಸಾಲುಗಳಷ್ಟೇ ಕಾಣುತ್ತಿದ್ದುದರಿಂದ ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಐದು ಮತ್ತು ಆರನೆಯ ಸಾಲುಗಳಲ್ಲಿ ಉಳಿದಿಬ್ಬರ ಹಾಡು ಮುಂದುವರಿಯುತ್ತಿದ್ದುದರಿಂದ ಕಿವಿಗೂ ಪೂರ್ಣ ಮೌನ ಕೇಳಿಸಲಿಲ್ಲ. ಹಾಡು ಸ್ವಲ್ಪ ತೆಳುವಾಯಿತು, ಅಷ್ಟೆ.

ಅದನ್ನು ಗುರುತಿಸಿದವರು ಹಾಡಿದವರೇ. ಐನ್‌ಮನೆಯಲ್ಲಿ ಎಲ್ಲರೂ ಕುಳಿತು ನೋಡುತ್ತಿದ್ದಾಗ, ಅವರಲ್ಲಿ ಹಿರಿಯರೊಬ್ಬರು, "ಇಲ್ಲಿ ನನ್ನ ಸ್ವರ ಎಲ್ಲಿ ಹೋಯಿತು ಮಗ?" ಎಂದು ಕೇಳಿದರು. ಮೂವತ್ತೆಂಟು ಸೆಕೆಂಡುಗಳ ಕಾಲ ಅವರ ಸ್ವರವೂ ಅವರ ದುಡಿಯೂ ಇರಲಿಲ್ಲ. ಆ ಪಾಟ್ ಅನ್ನು ಅವರು ತಮ್ಮ ತಂದೆಯಿಂದ ಕಲಿತವರು ಎಂಬುದು ನನಗೆ ತಿಳಿದಿತ್ತು. ಆದ್ದರಿಂದಲೇ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂಲ ಧ್ವನಿ ನನ್ನ ಬಳಿ ಸುರಕ್ಷಿತವಾಗಿದ್ದುದರಿಂದ ಸರಿಪಡಿಸಿ ಕೊಟ್ಟೆ.

ಟ್ರ್ಯಾಕ್‌ಗಳಿಗೆ ಬೀಗ ಹಾಕಿದ್ದರೆ ಇದು ಆಗುತ್ತಿರಲಿಲ್ಲ ಎಂಬುದು ನಿಜ. ಆದರೆ ಸಂಕಲನವೆಂದರೆ ಕ್ಷಣಕ್ಷಣಕ್ಕೂ ಕತ್ತರಿಸಿ ಸರಿಸುವ ಕೆಲಸ. 16 ಟ್ರ್ಯಾಕ್‌ಗಳ ಬೀಗವನ್ನು ಹಾಕುತ್ತ ತೆಗೆಯುತ್ತ ಇದ್ದರೆ, ಬೀಗ ಬಿದ್ದ ಟ್ರ್ಯಾಕ್ ಚಿತ್ರದೊಂದಿಗೆ ಸರಿಯದೆ ಉಳಿದು, ಮುಂದಿನ ಇಡೀ ಭಾಗದ ಹೊಂದಾಣಿಕೆ ತಪ್ಪುವ ಇನ್ನೊಂದು ಅಪಾಯ ಎದುರಾಗುತ್ತದೆ. ಕ್ಲಿಪ್ಪಿನ ಧ್ವನಿ ಯಾವ ಸಾಲಿಗೆ ಹೋಗಬೇಕೆಂದು ಮೊದಲೇ ಸೂಚಿಸುವ ಗುಂಡಿಗಳೂ ಆ ತಂತ್ರಾಂಶದಲ್ಲಿದ್ದವು. ಮೌಸಿನಿಂದ ಎಳೆದು ಇಟ್ಟಾಗ ಮಾತ್ರ ಆ ಸೂಚನೆ ನಡೆಯುತ್ತಿರಲಿಲ್ಲ. ನಾನು ಮೌಸಿನಿಂದಲೇ ಕೆಲಸ ಮಾಡುವವನು.

ರಿಸಾಲ್ವ್ ನನ್ನನ್ನು ಗೆದ್ದದ್ದು ಇದೇ ಜಾಗದಲ್ಲಿ. ಇದರ ಟೈಮ್‌ಲೈನ್ ಮೆನುವಿನಲ್ಲಿ ಧ್ವನಿಯನ್ನು ಪದರಗಳಾಗಿ ಸಂಕಲಿಸುವ ಆಯ್ಕೆಯೊಂದಿದೆ. ಅದನ್ನು ಚಾಲನೆಯಲ್ಲಿಟ್ಟರೆ, ಒಂದು ಧ್ವನಿಯ ಮೇಲೆ ಇನ್ನೊಂದನ್ನು ಇಟ್ಟಾಗ ಕೆಳಗಿನದು ಅಳಿಯುವುದಿಲ್ಲ. ಅದೇ ಟ್ರ್ಯಾಕ್‌ನಲ್ಲಿ ಕೆಳಗಿನ ಪದರವಾಗಿ ಉಳಿಯುತ್ತದೆ. ಕೇಳಿಸುವುದು ಮೇಲಿನ ಪದರ ಮಾತ್ರ, ಆದರೆ ಅದನ್ನು ತೆಗೆದೊಡನೆ ಕೆಳಗಿನದು ಮತ್ತೆ ಕೇಳಿಸುತ್ತದೆ. ಇದರ ಜೊತೆಗೆ, ಕ್ಲಿಪ್ಪನ್ನು ಟೈಮ್‌ಲೈನಿಗೆ ತರುವ ಮೊದಲೇ ಅದರ ಗುಣಲಕ್ಷಣಗಳ ಕಿಟಕಿಯಲ್ಲಿ ನಾಲ್ಕು ಚಾನೆಲ್‌ಗಳ ಪೈಕಿ ಬೇಕಾದ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು. ಎರಡನೆಯ ವರ್ಷ ಮುಖ್ಯ ಕ್ಯಾಮೆರಾದ ಎಲ್ಲ ಕ್ಲಿಪ್ಪುಗಳನ್ನೂ ಒಟ್ಟಿಗೆ ಆರಿಸಿ ಹಾಗೆ ಮಾಡಿದೆ. ಅನಗತ್ಯವಾದ ಮೂರು ಸಾಲುಗಳು ಹುಟ್ಟಲೇ ಇಲ್ಲ.

ಧ್ವನಿಗೆಂದೇ ಇರುವ ಫೇರ್‌ಲೈಟ್ ಪುಟ ಇನ್ನೊಂದು ಕಾರಣ. ಫೇರ್‌ಲೈಟ್ ಎಂಬುದು ಮೊದಲು ಬೇರೆಯದೇ ಧ್ವನಿ ಸಂಸ್ಥೆಯಾಗಿತ್ತು; ರಿಸಾಲ್ವ್ ತಯಾರಿಸುವ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಅದನ್ನು 2016ರಲ್ಲಿ ಕೊಂಡು, 2017ರಲ್ಲಿ ಬಂದ ರಿಸಾಲ್ವ್‌ನ 14ನೆಯ ಆವೃತ್ತಿಯಲ್ಲಿ ಸೇರಿಸಿತು. ಅಲ್ಲಿನ ಸೂಚಿಯಲ್ಲಿ ಎಲ್ಲ ಟ್ರ್ಯಾಕ್‌ಗಳ ಹೆಸರೂ ಪಟ್ಟಿಯಾಗಿ ನಿಲ್ಲುತ್ತವೆ. ಸದ್ಯಕ್ಕೆ ಬೇಡವಾದವನ್ನು ಮರೆಮಾಡಬಹುದು, ಮರೆಯಾದರೂ ಅವು ಕೇಳಿಸುತ್ತಲೇ ಇರುತ್ತವೆ. ಸಣ್ಣ ಪರದೆಯವರಿಗೆ ಇದು ದೊಡ್ಡ ಅನುಕೂಲ. ನಾನು ಟ್ರ್ಯಾಕ್‌ಗಳನ್ನೆಲ್ಲ ಮಾತು, ಪಾಟ್, ಪರಿಸರ ಎಂಬ ಮೂರು ಬಸ್‌ಗಳಿಗೆ, ಅಂದರೆ ಒಟ್ಟಿಗೆ ನಿಯಂತ್ರಿಸುವ ಗುಂಪುಗಳಿಗೆ, ಜೋಡಿಸಿದ್ದೇನೆ. ಪಟ್ಟೆದಾರರು ಮಾತನಾಡುವಾಗ ಹಾಡನ್ನು ತಗ್ಗಿಸಬೇಕಾದರೆ ಧ್ವನಿಮಟ್ಟದ ನಾಲ್ಕು ಜಾರುಗುಂಡಿಗಳ (ಫೇಡರ್) ಬದಲು ಒಂದನ್ನು ಇಳಿಸಿದರೆ ಸಾಕು, ನಾಲ್ವರ ಸ್ವರಗಳ ಪರಸ್ಪರ ಪ್ರಮಾಣ ಕೆಡುವುದಿಲ್ಲ. ಚಂದಾ ತಂತ್ರಾಂಶದಲ್ಲೂ ಇಂತಹ ಗುಂಪುಗಳಿದ್ದವು, ಆ ವಿಷಯದಲ್ಲಿ ಎರಡೂ ಸಮ.

ಒಂದು ಎಚ್ಚರಿಕೆ: ರಿಸಾಲ್ವ್‌ನಲ್ಲಿ ಟ್ರ್ಯಾಕ್ ಮೋನೋ ಅಥವಾ ಸ್ಟೀರಿಯೋ ಎಂಬುದನ್ನು ಮೊದಲೇ ಸರಿಯಾಗಿ ಆರಿಸಬೇಕು, ಇಲ್ಲದಿದ್ದರೆ ಮೋನೋ ಧ್ವನಿ ಎಡಗಿವಿಯಲ್ಲಿ ಮಾತ್ರ ಕೇಳಿಸುತ್ತದೆ.

ರೀಪರ್‌ನ ಬಗ್ಗೆ ನನಗೆ ಗೌರವವಿದೆ. ಟ್ರ್ಯಾಕ್‌ಗಳನ್ನು ಒಂದರೊಳಗೊಂದು ಇಡುವ ಅದರ ಫೋಲ್ಡರ್ ವ್ಯವಸ್ಥೆಯಷ್ಟು ಅಚ್ಚುಕಟ್ಟಾದದ್ದನ್ನು ಬೇರೆಲ್ಲೂ ನೋಡಿಲ್ಲ. ಸಣ್ಣ ಆದಾಯದವರಿಗೆ ಅದರ ಪರವಾನಗಿ 60 ಡಾಲರ್, ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ. ಆದರೆ ಚಿತ್ರ ಒಂದು ತಂತ್ರಾಂಶದಲ್ಲಿ, ಧ್ವನಿ ಇನ್ನೊಂದರಲ್ಲಿ ಇದ್ದರೆ, ಮನೆಯವರು ಎರಡು ಸೆಕೆಂಡುಗಳ ದೃಶ್ಯವನ್ನು ತೆಗೆಯಿರಿ ಎಂದರೂ ಧ್ವನಿಯನ್ನು ಮತ್ತೆ ಹೊರತೆಗೆದು ಮತ್ತೆ ಹೊಂದಿಸಬೇಕು. ನನ್ನ ಗ್ರಾಹಕರು ಕೊನೆಯ ದಿನದವರೆಗೂ ಬದಲಾವಣೆ ಹೇಳುವವರು. ಅದು ಅವರ ಮನೆಯ ಹಬ್ಬ, ಹೇಳುವುದು ಸಹಜ. ಆ ವ್ಯವಸ್ಥೆ ನನಗೆ ಹೊಂದಲಿಲ್ಲ.

ಚಿತ್ರಕ್ಕೆ ಧ್ವನಿ ಹೊಂದಿಸುವ (ಸಿಂಕ್) ವಿಷಯದಲ್ಲಿ ಮೂರರಲ್ಲೂ ಒಂದೇ ತೊಂದರೆ ಇರುವುದು ತಂತ್ರಾಂಶದ ತಪ್ಪಲ್ಲ. ಕ್ಯಾಮೆರಾ ಮತ್ತು ರೆಕಾರ್ಡರ್‌ಗಳ ಒಳಗಿನ ಗಡಿಯಾರಗಳು ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಾದರೂ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡುಗಳ ಅಂತರ ಬೀಳುತ್ತದೆ. ಸೆಕೆಂಡಿಗೆ 25 ಫ್ರೇಮ್‌ಗಳ ಚಿತ್ರದಲ್ಲಿ ಅದು ಸುಮಾರು ಎರಡು ಫ್ರೇಮ್, ದುಡಿಯ ಪೆಟ್ಟಿನಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಹಾಡುಗಳ ನಡುವಿನ ಬಿಡುವಿನಲ್ಲಿ ಧ್ವನಿಯನ್ನು ತುಂಡರಿಸಿ ಪ್ರತಿ ಹಾಡನ್ನೂ ಪ್ರತ್ಯೇಕವಾಗಿ ಹೊಂದಿಸುವುದು ನನ್ನ ಕ್ರಮ. ದುಡಿಯ ಪೆಟ್ಟುಗಳೆಲ್ಲ ಒಂದೇ ರೀತಿ ಇರುವುದರಿಂದ, ಅಲೆಯ ಆಕಾರ ನೋಡಿ ತಾನಾಗಿ ಹೊಂದಿಸುವ ಸೌಲಭ್ಯವನ್ನು ಪೂರ್ತಿ ನಂಬದೆ, ಪ್ರತಿ ಹಾಡಿನ ಮೊದಲು ಕ್ಯಾಮೆರಾಗಳ ಮುಂದೆ ಒಂದು ಚಪ್ಪಾಳೆ ಹೊಡೆದುಕೊಳ್ಳುತ್ತೇನೆ.

ಇನ್ನು ಹಣದ ಮಾತು. ನನ್ನ ದುಡಿಮೆ ಮಳೆ ನಿಂತ ಮೇಲೆ ಆರಂಭವಾಗಿ ಮುಂಗಾರಿನೊಂದಿಗೆ ಮುಗಿಯುತ್ತದೆ. ಮಳೆಗಾಲದ ಕಕ್ಕಡ ತಿಂಗಳಿನಲ್ಲಿ ಮದುವೆಗಳೂ ಇಲ್ಲ. ಕೆಲಸವಿಲ್ಲದ ಆ ತಿಂಗಳುಗಳಲ್ಲೂ ಚಂದಾ ಹೋಗುತ್ತಿತ್ತು. ಜುಲೈ ತಿಂಗಳಿನ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು, ಇಂಟರ್‌ನೆಟ್ ಎರಡೂ ಇಲ್ಲದ ನಮ್ಮಂತಹ ಊರಿನಲ್ಲಿ, ಆಗಾಗ ಇಂಟರ್‌ನೆಟ್ ಮೂಲಕ ಪರವಾನಗಿ ಪರಿಶೀಲಿಸಿಕೊಳ್ಳುವ ತಂತ್ರಾಂಶವನ್ನು ನೆಚ್ಚಿಕೊಳ್ಳುವುದು ಕಷ್ಟ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಪದರಗಳೂ ಬಸ್‌ಗಳೂ ಸಿಗುತ್ತವೆ. ಮಾತನ್ನು ಹಿನ್ನೆಲೆಯ ಗದ್ದಲದಿಂದ ಬೇರ್ಪಡಿಸುವ ಸೌಲಭ್ಯ ಮಾತ್ರ 295 ಡಾಲರಿಗೆ ಒಮ್ಮೆ ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿದೆ; ನಾನು ಅದನ್ನು ಇನ್ನೂ ಕೊಂಡಿಲ್ಲ. ಆ ಹಣವನ್ನು ಲ್ಯಾಪ್‌ಟಾಪಿನ ಮೆಮೊರಿ ಹೆಚ್ಚಿಸಲು ಬಳಸಿದೆ, ಏಕೆಂದರೆ ರಿಸಾಲ್ವ್ ಭಾರವಾದ ತಂತ್ರಾಂಶ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಬಹಳ ತಡವರಿಸುತ್ತದೆ. ಯಂತ್ರ ಹಳೆಯದಾಗಿದ್ದು, ಟ್ರ್ಯಾಕ್‌ಗಳು ನಾಲ್ಕೈದನ್ನು ಮೀರದಿದ್ದರೆ ಉಚಿತವಾದ ಕೆಡೆನ್‌ಲೈವ್ ಸಾಕು.

ಎರಡನೆಯ ವರ್ಷದ ಚಿತ್ರವನ್ನು ಕೊಡುವ ಮೊದಲು ಪಾಟ್‌ನ ನಾಲ್ಕು ಟ್ರ್ಯಾಕ್‌ಗಳನ್ನು ಒಂದೊಂದಾಗಿ ಸೋಲೋ ಮಾಡಿ, ಅಂದರೆ ಉಳಿದವನ್ನೆಲ್ಲ ಮೌನವಾಗಿಸಿ, ಆದಿಯಿಂದ ಅಂತ್ಯದವರೆಗೆ ಕೇಳಿದೆ. ಆ ಹಿರಿಯರು ಈ ಬಾರಿ ತಮ್ಮ ಭಾಗ ಬಂದಾಗ ಪರದೆಯೊಂದಿಗೆ ತಾವೂ ಹಾಡಿದರು.