ಬರೀ ಅಂಕಿ ಏರುವ ಆಟದಲ್ಲಿ ಏನು ಮಜಾ? ಮೂರು ಪುಟ್ಟ ಆರ್‌ಪಿಜಿಗಳನ್ನು ಆಡಿ ನೋಡಿದೆ

ಗ್ರೈಂಡಿಂಗ್ ಅಂದರೆ ಗೇಮ್ ಆಡುವವರಿಗೆಲ್ಲ ಗೊತ್ತು. ಅದೇ ಮರ ಕಡಿ, ಅದೇ ಇಲಿ ಹೊಡಿ, ಲೆವೆಲ್ ಏರಿಸು, ಮತ್ತೆ ಶುರು. ದೊಡ್ಡ ಗೇಮ್‌ಗಳಲ್ಲಿ ಕಥೆ, ಗ್ರಾಫಿಕ್ಸ್ ಸೇರಿ ಈ ಬೇಸರವನ್ನು ಮರೆಸುತ್ತವೆ. ಅವೆರಡೂ ಅಷ್ಟಾಗಿ ಇಲ್ಲದ ಮೂರು ಆರ್‌ಪಿಜಿ (ಒಂದು ಪಾತ್ರವನ್ನು ಬೆಳೆಸುತ್ತಾ ಹೋಗುವ ಗೇಮ್) ಹಿಡಿದೆ. ಎರಡನ್ನು ಧಾರವಾಡದ ಮನೆಯಲ್ಲಿ ಲ್ಯಾಪ್‌ಟಾಪ್ ಮೇಲೆ, ಒಂದನ್ನು ಹುಬ್ಬಳ್ಳಿಗೆ ಹೋಗಿ ಬರುವ ಚಿಗರಿ ಬಸ್ಸಿನಲ್ಲಿ ಆಡಿದೆ.

ಪ್ರೋಗ್ರೆಸ್ ಕ್ವೆಸ್ಟ್ 2002ರದ್ದು. ಎವರ್‌ಕ್ವೆಸ್ಟ್‌ನಂಥ ಆನ್‌ಲೈನ್ ಗೇಮ್‌ಗಳನ್ನು ಅಣಕಿಸಲೆಂದೇ ಮಾಡಿದ್ದು. ಪಾತ್ರದ ಕುಲ, ಕಸುಬು ಆರಿಸಿದರೆ ನಿಮ್ಮ ಕೆಲಸ ಮುಗೀತು. ಕಾದಾಡುವುದು, ಚೀಲ ತುಂಬಿದರೆ ಪೇಟೆಗೆ ಹೋಗಿ ಮಾರುವುದು, ಎಲ್ಲ ತಾನೇ ನಡೆಯುತ್ತದೆ; ಎಷ್ಟಾಯಿತೆಂದು ತೋರಿಸುವ ಪಟ್ಟಿ ಪರದೆ ಮೇಲೆ ತುಂಬುತ್ತಾ ಹೋಗುತ್ತದೆ. ಹಿಂದೆ ನಿಂತಿದ್ದ ತಮ್ಮ, "ಇದೇನ್ ಆಟ ಅಣ್ಣಾ, ಬರೇ ಪಟ್ಟಿ ತುಂಬಾಕತ್ತೈತಿ!" ಅಂದ. ಹಾಗಂದವನು ಪಟ್ಟಿ ತುಂಬುವವರೆಗೂ ಅಲ್ಲಿಂದ ಕದಲಲಿಲ್ಲ. ನಗಲು ಒಳ್ಳೆಯ ಗೇಮ್. ಬೇಗ ಸಾಕಾಗುತ್ತದೆ.

ಎ ಡಾರ್ಕ್ ರೂಮ್ (2013) ಬೇರೆಯೇ ಮಾತು. ಬ್ರೌಸರ್‌ನಲ್ಲಿ ಪುಕ್ಕಟೆ ಸಿಗುತ್ತದೆ. ತಣ್ಣಗಿನ ಕೋಣೆ, ಆರಿದ ಬೆಂಕಿ, ಅದನ್ನು ಹೊತ್ತಿಸಲು ಒಂದೇ ಒಂದು ಬಟನ್. ಆಮೇಲೆ ಸೌದೆ ತರುವ ಬಟನ್ ಬರುತ್ತದೆ. ಒಮ್ಮೆ ಒತ್ತಿದರೆ ಹತ್ತು ಸೌದೆ, ಮತ್ತೆ ಒತ್ತಲು ಒಂದು ನಿಮಿಷ ಕಾಯಬೇಕು. ಬಂಡಿ ಕಟ್ಟಿದ ಮೇಲೆ ಅದೇ ಒತ್ತಿಗೆ ಐವತ್ತು! ಅಲ್ಲಿಯವರೆಗೆ ಕಾದವನಿಗೇ ಆ ಐವತ್ತರ ಬೆಲೆ ಗೊತ್ತು. ಬಂಡಿ ಮೊದಲೇ ಕೈಗೆ ಬಂದಿದ್ದರೆ ಏನೂ ಅನಿಸುತ್ತಿರಲಿಲ್ಲ. ಗುಡಿಸಲು ಕಟ್ಟಿದರೆ ಜನ ಬರುತ್ತಾರೆ, ಜನ ಬಂದರೆ ಸೌದೆ ತಾನೇ ಬೀಳುತ್ತದೆ. ಇನ್ನು ಬೇಸರ ಅನ್ನುವಷ್ಟರಲ್ಲಿ ಹೊರಗಿನ ನಕ್ಷೆ ತೆರೆದುಕೊಳ್ಳುತ್ತದೆ. ನಕ್ಷೆ ಅಂದರೆ ಬರೀ ಅಕ್ಷರ, ಚಿಹ್ನೆ. ಹೆಜ್ಜೆಗೊಂದು ಪಾಲು ನೀರು, ಎರಡು ಹೆಜ್ಜೆಗೊಂದು ತುಂಡು ಮಾಂಸ ಖರ್ಚು. ಶುರುವಿನಲ್ಲಿ ಹತ್ತು ಪಾಲು ನೀರಷ್ಟೇ ಹಿಡಿಯುತ್ತದೆ, ಅಂದರೆ ಐದು ಹೆಜ್ಜೆ ಹೋಗಿ ವಾಪಸ್ ಬರಬಹುದು. ತೊಗಲಿನ ಚೀಲ ಹೊಲಿಸಿದರೆ ಇಪ್ಪತ್ತು. ಇಲ್ಲಿ ಗ್ರೈಂಡಿಂಗ್ ಅಂದರೆ ಇನ್ನಷ್ಟು ದೂರ ಹೋಗುವ ತಾಕತ್ತು. ಅಂಕಿಯ ಹಿಂದೆ ಏನೋ ಬಚ್ಚಿಟ್ಟಿದ್ದಾರೆ ಅನ್ನುವ ಕುತೂಹಲವೇ ಎಳೆಯುತ್ತದೆ. ಕಷ್ಟ ಏನಂದರೆ ಒಂದು ಸಲ ಮುಗಿದರೆ ಆ ಕುತೂಹಲವೂ ಮುಗಿಯಿತು.

ಮೆಲ್ವರ್ ಐಡಲ್ (2021) ಇದಕ್ಕೆ ಪೂರ್ತಿ ಉಲ್ಟಾ. ರೂನ್‌ಸ್ಕೇಪ್ ಅನ್ನುವ ಹಳೆಯ ಆನ್‌ಲೈನ್ ಆರ್‌ಪಿಜಿಯ ಗುಂಗಿನಲ್ಲಿ ಹುಟ್ಟಿದ್ದು. ಯಾವ ಲೆವೆಲ್‌ಗೆ ಯಾವ ಮರ, ಯಾವ ಮೀನು ಅಂತ ಮೊದಲೇ ಬರೆದಿರುತ್ತದೆ. ಬಸ್ಸು ನವನಗರ ದಾಟುವುದರೊಳಗೆ ಕೆಲಸ ಹಚ್ಚಿ ಫೋನ್ ಜೇಬಿಗಿಟ್ಟರೆ ಆಯಿತು, ಆ್ಯಪ್ ಮುಚ್ಚಿದ್ದರೂ ಮೀನು ಬೀಳುತ್ತಿರುತ್ತವೆ. ಸಂಜೆ ವಾಪಸ್ ಬರುವಾಗ ರಾಶಿ ರೆಡಿ. ಆದರೆ ಕಾಳಗಕ್ಕೆ ಹಚ್ಚಿ ಹೋದರೆ ಎಚ್ಚರ. ಊಟ ಖಾಲಿಯಾದರೆ ಪಾತ್ರ ಸಾಯಬಹುದು, ಸತ್ತರೆ ತೊಟ್ಟಿದ್ದರಲ್ಲೊಂದು ಹೋಗಬಹುದು. 99ನೇ ಲೆವೆಲ್‌ಗೆ 1 ಕೋಟಿ 30 ಲಕ್ಷಕ್ಕೂ ಜಾಸ್ತಿ ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಬೇಕು. 92 ಮುಟ್ಟಿದಾಗ ಆಗಿರುವುದು ಅರ್ಧ ದಾರಿ ಅಷ್ಟೆ! ಇದನ್ನು ಕೇಳಿ ಕೆಲವರು ಓಡಿಹೋಗುತ್ತಾರೆ. ನನಗೆ ಅಲ್ಲೇ ಮಜಾ: ಮೀನು ಹಿಡಿಯಲಾ, ಅಡುಗೆ ಮಾಡಲಾ, ಗಣಿಗೆ ಹೋಗಲಾ, ಒಂದು ಹೊತ್ತಿಗೆ ಒಂದೇ ಕಸುಬು, ಅದನ್ನು ಆರಿಸುವ ಲೆಕ್ಕವೇ ಆಟ.

ಒಂದೇ ಗೇಮ್ ಆಡಲು ಟೈಮಿದ್ದರೆ ಎ ಡಾರ್ಕ್ ರೂಮ್ ಆಡಿ, ಮುಂದೇನಾಗುತ್ತದೆ ಅಂತ ಯಾರನ್ನೂ ಕೇಳಬೇಡಿ. ಫೋನಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳಲು ಮೆಲ್ವರ್. ನನ್ನ ಫೋನಿನಲ್ಲಿ ಈಗ ಉಳಿದಿರುವುದೂ ಅದೇ.